ತಿರುಗಿಸಿದರೆ ಟಕ್ ಅನ್ನುತ್ತದೆ, ಗ್ಯಾರೇಜಿನವರು ಸ್ಟೇರಿಂಗ್ ಬಾಕ್ಸೇ ಹೋಗಿದೆ ಅಂತಾರೆ

ಕಾಫಿತೋಟ_ಬಾಳ್ಳುಪೇಟೆ
ಎಲ್ಲರಿಗೂ ನಮಸ್ಕಾರ. ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. 86,000 ಕಿ.ಮೀ. ಓಡಿದೆ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ದಿನಾ ತೋಟದಿಂದ ಟಾರು ರಸ್ತೆಗೆ ಬರುವಷ್ಟರಲ್ಲಿ ನಾಲ್ಕು ಕಿಲೋಮೀಟರ್ ಗುಂಡಿ, ಕಲ್ಲು, ಕೆಸರು. ಮಳೆಗಾಲ ಮುಗಿದ ಮೇಲೆ ಒಂದು ಶಬ್ದ ಶುರುವಾಗಿದೆ. ಅಂಗಳದಲ್ಲಿ ಗಾಡಿ ತಿರುಗಿಸುವಾಗ ಬಲಗಡೆಯಿಂದ ಟಕ್. ಗುಂಡಿ ಮೇಲೆ ನಿಧಾನವಾಗಿ ಹೋದರೆ ಟಕ್ ಟಕ್. ಸ್ಪೀಡಲ್ಲಿ ಶಬ್ದ ಇಲ್ಲ, ಆದರೆ ಸ್ಟೇರಿಂಗ್ ನಡುವಲ್ಲಿ ಸ್ವಲ್ಪ ಸಡಿಲ ಅನಿಸುತ್ತದೆ.

ಮೊನ್ನೆ ಒಂದು ಗ್ಯಾರೇಜಿಗೆ ತೋರಿಸಿದೆ. ಒಂದು ರೌಂಡ್ ಓಡಿಸಿ ನೋಡಿದರು. "ಸ್ಟೇರಿಂಗ್ ಬಾಕ್ಸ್ ಹೋಗಿದೆ ಸರ್, ಪೂರ್ತಿ ಬದಲಿಸಬೇಕು, 26,000 ಆಗುತ್ತೆ" ಅಂದರು. ಗಾಡಿ ಎತ್ತಿ ನೋಡಲೇ ಇಲ್ಲ. ಈ ಸಲ ಕಾಳುಮೆಣಸು ಕೈಕೊಟ್ಟಿದೆ, ಇಷ್ಟು ದುಡ್ಡು ಸುಮ್ನೆ ಸುರಿಯೋಕೆ ಮನಸ್ಸಿಲ್ಲ. ಹೀಗೇ ಓಡಿಸಿದರೆ ಅಪಾಯವಾ?

ಜೆಸಿರೋಡ್_ಬಿಡಿಭಾಗ
ಅಣ್ಣ, ಗಾಡಿ ಎತ್ತದೆ ಸ್ಟೇರಿಂಗ್ ಬಾಕ್ಸ್, ಅಂದರೆ ರ್ಯಾಕ್ ಹೋಗಿದೆ ಅಂದರಾ? ನಾಡಿ ಹಿಡಿಯದೆ ಆಪರೇಷನ್ ಬರೆದ ಹಾಗಾಯ್ತು. ನಾನು ಕೌಂಟರ್ ಹಿಂದೆ ಕೂತು ಸ್ಪೇರ್ಸ್ ಮಾರುವವನು. ರ್ಯಾಕ್ ಮಾರಿದರೆ ನಮಗೂ ನಾಲ್ಕು ಕಾಸು ಜಾಸ್ತಿ, ಆದರೂ ಹೇಳ್ತೀನಿ. ಹತ್ತು ಜನ ಟೈ ರಾಡ್ ಎಂಡ್ ಕೇಳಿಕೊಂಡು ಬಂದರೆ ರ್ಯಾಕ್ ಕೇಳುವವರು ಒಬ್ಬರು. ಮೊದಲು ಸಣ್ಣ ಸಾಮಾನು ನೋಡಿಸಿ.

ಹಳೇಪಾನ_ದಾವಣಗೆರೆ
ಬಾಳ್ಳುಪೇಟೆಯವರೇ, ಗಾಬರಿ ಬೇಡ. ಆದರೆ ಉದಾಸೀನವೂ ಬೇಡ. ನಾನು ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು, ಈಗ ಮಗ ನೋಡಿಕೊಳ್ತಾನೆ.

ಮೊದಲು ಅಲ್ಲಿ ಏನೇನಿದೆ ಅಂತ ತಿಳಿದುಕೊಳ್ಳಿ. ನಿಮ್ಮ ಕೈಲಿರುವ ಚಕ್ರದಿಂದ ಒಂದು ಕಂಬಿ ಕೆಳಗೆ ಇಳಿಯುತ್ತದೆ. ಅದು ನೆಟ್ಟಗೆ ಇರುವುದಿಲ್ಲ, ಪೆಡಲ್ ಹತ್ತಿರ ಬಾಗಬೇಕು. ಬಾಗುವ ಕಡೆ ಯುನಿವರ್ಸಲ್ ಜಾಯಿಂಟ್ ಇರುತ್ತದೆ. ಕೊನೆಯಲ್ಲಿ ಒಂದು ಸಣ್ಣ ಹಲ್ಲಿನ ಚಕ್ರ, ಅದೇ ಪಿನಿಯನ್. ಅದು ಅಡ್ಡಕ್ಕೆ ಮಲಗಿರುವ ಹಲ್ಲಿನ ಸರಳನ್ನು ಎಡಕ್ಕೆ ಬಲಕ್ಕೆ ತಳ್ಳುತ್ತದೆ. ಆ ಸರಳೇ ರ್ಯಾಕ್. ರ್ಯಾಕಿನ ಎರಡೂ ತುದಿಗೆ ರ್ಯಾಕ್ ಎಂಡ್, ಮಡಿಕೆ ಮಡಿಕೆಯ ರಬ್ಬರ್ ಬೂಟಿನ ಒಳಗೆ ಅಡಗಿರುತ್ತದೆ. ಅದಕ್ಕೆ ಸೇರಿಕೊಂಡು ಹೊರಗೆ ಟೈ ರಾಡ್ ಎಂಡ್, ಇದು ಚಕ್ರದ ಹತ್ತಿರ ಕಣ್ಣಿಗೆ ಕಾಣುತ್ತದೆ. ಎರಡರಲ್ಲೂ ಒಂದು ಗುಂಡು, ಗುಂಡು ಕೂರುವ ಒಂದು ಗೂಡು. ನಿಮ್ಮ ಭುಜದ ಕೀಲು ಇದೆಯಲ್ಲ, ಹಾಗೆಯೇ.

ಜನ ಎಲ್ಲದಕ್ಕೂ ಬಾಕ್ಸ್ ಅಂತಾರೆ. ನಿಜವಾದ ಬಾಕ್ಸ್ ಇದ್ದದ್ದು ಜೀಪಿಗೆ, ಜಿಪ್ಸಿಗೆ, ಪದ್ಮಿನಿಗೆ. ಅಂಬಾಸಿಡರ್‌ಗೂ ಮಾರುತಿ 800ಕ್ಕೂ ಇದ್ದದ್ದು ರ್ಯಾಕೇ.

ಈಗ ಪರೀಕ್ಷೆ. ಇದಕ್ಕೆ ಗ್ಯಾರೇಜ್ ಬೇಡ, ಇನ್ನೊಬ್ಬರು ಬೇಕು ಅಷ್ಟೇ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್, ಆದರೆ ಸ್ಟೇರಿಂಗ್ ಲಾಕ್ ಬಿಡಿಸುವಷ್ಟು ಕೀ ತಿರುಗಿಸಿ. ಮನೆಯವರು ಯಾರಾದರೂ ಸೀಟಲ್ಲಿ ಕೂತು ಸ್ಟೇರಿಂಗನ್ನು ಎರಡು ಬೆರಳಗಲ ಎಡಕ್ಕೆ, ಎರಡು ಬೆರಳಗಲ ಬಲಕ್ಕೆ, ಬೇಗ ಬೇಗ ಆಡಿಸಲಿ. ಚಕ್ರ ನೆಲದ ಮೇಲೇ ಇರಲಿ. ನೀವು ಮುಂದಿನ ಟೈರಿನ ಹಿಂದಿನಿಂದ ಕೈ ಹಾಕಿ ಟೈ ರಾಡ್ ಎಂಡ್ ಮುಟ್ಟಿ. ಬೆರಳು ಹೇಗಿಡಬೇಕು ಅಂದರೆ, ಅರ್ಧ ಬೆರಳು ಗೂಡಿನ ಮೇಲೆ, ಇನ್ನರ್ಧ ಅದು ಸೇರುವ ಚಕ್ರದ ತೋಳಿನ ಮೇಲೆ. ಎರಡೂ ಒಟ್ಟಿಗೆ ಅಲ್ಲಾಡಿದರೆ ಸರಿ ಇದೆ. ಒಂದು ಮೊದಲು ಅಲ್ಲಾಡಿ ಇನ್ನೊಂದು ಆಮೇಲೆ ಬಂದರೆ ಬೆರಳಿಗೆ ಟಕ್ ಅಂತ ಹೊಡೆಯುತ್ತದೆ. ಕಿವಿ ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ. ಆಮೇಲೆ ಒಳಗಿನ ರಬ್ಬರ್ ಬೂಟನ್ನು ಹೊರಗಿನಿಂದಲೇ ಹಿಂಡಿ ಹಿಡಿದು ರ್ಯಾಕ್ ಎಂಡ್ ನೋಡಿ. ಎರಡೂ ಕಡೆ.

ಯಾವ ಕೀಲು ಬೆರಳಿಗೆ ಹೊಡೆಯಿತು ಅಂತ ಹೇಳಿ. ಅಲ್ಲಿಯವರೆಗೆ ಘಾಟಿ ಕಡೆ ಗಾಡಿ ತೆಗೆಯಬೇಡಿ.

ಕರಾವಳಿ_ಡ್ರೈವರ್
ಯಜಮಾನ್ರು ಹೇಳಿದ್ದು ಸರಿ. ನಾನೊಂದು ಸೇರಿಸ್ತೇನೆ. ಟಕ್ ಅಂದದ್ದೆಲ್ಲ ಸ್ಟೇರಿಂಗ್ ಅಲ್ಲ ಮಾರಾಯ್ರೇ. ನಮ್ಮ ಟ್ಯಾಕ್ಸಿಯಲ್ಲಿ ಇದೇ ತರ ಇತ್ತು, ಎರಡು ಎಂಡ್ ಬದಲಿಸಿದ ಮೇಲೂ ಹೋಗಲಿಲ್ಲ. ಕೊನೆಗೆ ನೋಡಿದರೆ ಲಿಂಕ್ ರಾಡ್! ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿಗೆ ಸೇರಿಕೊಂಡಿರುವುದು, ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಕಡ್ಡಿ.

ನನ್ನ ಲೆಕ್ಕ ಹೀಗೆ. ಸಣ್ಣ ಸಣ್ಣ ಉಬ್ಬಿನ ಮೇಲೆ ನಿಧಾನ ಹೋಗುವಾಗ ಕಟ ಕಟ ಅಂದರೆ ಲಿಂಕ್ ರಾಡ್ ಮೇಲೆ ಅನುಮಾನ. ಫುಲ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟ್ ಕಟ್ ಕಟ್ ಅಂತ ಲಯವಾಗಿ ಬಂದರೆ ಅದು ಆಕ್ಸೆಲ್ ಜಾಯಿಂಟ್. ನಿಂತಲ್ಲೇ ತಿರುಗಿಸುವಾಗ ಸ್ಪ್ರಿಂಗ್ ಟೊಂಯ್ ಅಂದರೆ, ಸ್ಟೇರಿಂಗ್ ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರದಿದ್ದರೆ, ಜಂಪರ್ (ಶಾಕ್ ಅಬ್ಸಾರ್ಬರ್) ಮೇಲಿನ ಬೇರಿಂಗ್. ಬಾನೆಟ್ ಎತ್ತಿ ಅದರ ತಲೆ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ.

ಕಾಫಿತೋಟ_ಬಾಳ್ಳುಪೇಟೆ
ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಭಾನುವಾರ ಮಗನನ್ನು ಕೂರಿಸಿ ನೋಡ್ತೀನಿ. ಒಂದು ಅನುಮಾನ. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಡೀಸೆಲ್ ಸ್ಪ್ರೇ ಹೊಡೆಸ್ತಾರೆ, ತುಕ್ಕು ಹಿಡಿಯಲ್ಲ ಅಂತ. ನಾನೂ ಪ್ರತಿ ವರ್ಷ ಹೊಡೆಸ್ತೀನಿ. ಅದರಿಂದ ಏನಾದರೂ?

ಹಳೇಪಾನ_ದಾವಣಗೆರೆ
ಅಯ್ಯೋ. ನಿಲ್ಲಿಸಿ.

ಕರಾವಳಿ_ಡ್ರೈವರ್
ಯಜಮಾನ್ರೇ, ನಮ್ಮಲ್ಲಿ ಉಪ್ಪು ಗಾಳಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಮೂರು ವರ್ಷಕ್ಕೆ ಅಡಿ ತೂತು. ನಾವು ಹದಿನೈದು ವರ್ಷದಿಂದ ಹೊಡೆಸ್ತಾ ಇದ್ದೇವೆ, ಏನೂ ಆಗಿಲ್ಲ.

ಹಳೇಪಾನ_ದಾವಣಗೆರೆ
ಕಬ್ಬಿಣಕ್ಕೆ ಏನೂ ಆಗುವುದಿಲ್ಲ ತಮ್ಮಾ. ರಬ್ಬರ್ ಕಥೆ ಬೇರೆ. ಗಾಡಿ ಅಡಿಯ ಕೀಲುಗಳಲ್ಲಿ ಮೆತ್ತೆಯಾಗಿ ಕೂರುವ ಬುಷ್‌ಗಳು ಹೆಚ್ಚಾಗಿ ನೈಸರ್ಗಿಕ ರಬ್ಬರ್. ಡೀಸೆಲ್ ಕುಡಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಬುಷ್ ಹೋದರೂ ಸ್ಟೇರಿಂಗ್ ಓಲಾಡುತ್ತದೆ. ಬ್ರೇಕ್ ಹೊಡೆದಾಗ ಒಂದು ಕಡೆ ಎಳೆಯುತ್ತದೆ. ನೀವು ಹದಿನೈದು ವರ್ಷದಲ್ಲಿ ಬುಷ್ ಎಷ್ಟು ಸಲ ಬದಲಿಸಿದ್ದೀರಿ ಅಂತ ಬಿಲ್ ತೆಗೆದು ನೋಡಿ.

ತುಕ್ಕಿನ ಭಯ ಇದ್ದರೆ ಕಬ್ಬಿಣಕ್ಕೆ ಮಾತ್ರ ಸರಿಯಾದ ಕೋಟಿಂಗ್ ಮಾಡಿಸಿ, ರಬ್ಬರ್ ಮೇಲೆ ಬೀಳದ ಹಾಗೆ. ಕೆಸರು ತೊಳೆಯಲು ಬರೀ ನೀರು ಸಾಕು. ಅದೂ ಪ್ರೆಷರ್ ಪೈಪನ್ನು ಬೂಟಿನ ಅಂಚಿಗೆ ಹಿಡಿದು ಹೊಡೆಯಬಾರದು, ನೀರು ಒಳಗೆ ನುಗ್ಗುತ್ತದೆ.

ಕರಾವಳಿ_ಡ್ರೈವರ್
ಬುಷ್ ಮೂರು ಸಲ ಬದಲಿಸಿದ್ದೇವೆ. ರಸ್ತೆ ಸರಿ ಇಲ್ಲ ಅಂತ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ 😄

ಎಲ್‌ಬೋರ್ಡ್_ಮೈಸೂರು
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಈಗಷ್ಟೇ ಲೈಸೆನ್ಸ್ ತಗೊಂಡವಳು. ಎರಡು ಪ್ರಶ್ನೆ. ಒಂದು, ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಾಗೇ ಒತ್ತಿ ಹಿಡಿಯಬಾರದು ಅಂತ ಡ್ರೈವಿಂಗ್ ಸ್ಕೂಲ್ ಸರ್ ಬೈತಿದ್ದರು. ಯಾಕೆ ಅಂತ ಹೇಳಲಿಲ್ಲ. ಎರಡು, ಹೋದ ವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಳದಿ ಸ್ಟೇರಿಂಗ್ ಚಿತ್ರದ ಲೈಟ್ ಬಂತು, ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿ. ಆಫ್ ಮಾಡಿ ಆನ್ ಮಾಡಿದೆ, ಹೋಯಿತು. ಇದೂ 26,000ದ ಕಥೆಯಾ?

ತಂತಿಕೆಲಸ_ತುಮಕೂರು
ಮೇಡಂ, ನಾನು ಆಟೋ ಎಲೆಕ್ಟ್ರಿಷಿಯನ್. ನಿಮ್ಮ ಬ್ಯಾಟರಿ ಎಷ್ಟು ವರ್ಷದ್ದು? ನಾಲ್ಕು ದಾಟಿದ್ದರೆ ಮೊದಲು ಅದನ್ನು ಚೆಕ್ ಮಾಡಿಸಿ.

ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್‌ನಲ್ಲಿ ಒಂದು ಮೋಟಾರ್, ಒಂದು ಟಾರ್ಕ್ ಸೆನ್ಸರ್, ಒಂದು ಕಂಟ್ರೋಲ್ ಡಬ್ಬಿ. ನೀವು ಎಷ್ಟು ಬಲ ಹಾಕಿ ತಿರುಗಿಸ್ತಾ ಇದ್ದೀರಿ ಅಂತ ಸೆನ್ಸರ್ ಅಳೆಯುತ್ತದೆ, ಮೋಟಾರ್ ಅಷ್ಟಕ್ಕೆ ತಕ್ಕ ಹಾಗೆ ಕೈ ಜೋಡಿಸುತ್ತದೆ. ನಿಂತಲ್ಲೇ ಪೂರ್ತಿ ತಿರುಗಿಸುವಾಗ ಮೋಟಾರ್ ಹತ್ತಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೊರಗಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಡಬ್ಬಿ ಮುನಿಸಿಕೊಂಡು ಸಹಾಯ ನಿಲ್ಲಿಸಿ ಲೈಟ್ ಹಾಕುತ್ತದೆ. ಒಳ್ಳೆ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಕ್ಲೀನ್ ಮಾಡಿಸಿ ಟೈಟ್ ಮಾಡಿಸಿ. ಎಷ್ಟೋ ಗಾಡಿಗಳಲ್ಲಿ ಅಷ್ಟಕ್ಕೇ ಸರಿಹೋಗಿದೆ. ಆದರೆ ಲೈಟ್ ಮತ್ತೆ ಬಂದರೆ ಸ್ಕ್ಯಾನರ್ ಹಾಕಿಸಿ ಕೋಡ್ ನೋಡಲೇಬೇಕು.

ಒತ್ತಿ ಹಿಡಿಯುವ ವಿಷಯ. ಕೊನೆ ಮುಟ್ಟಿದ ಮೇಲೂ ನೀವು ಒತ್ತಿದರೆ ಮೋಟಾರ್ ಸುಮ್ನೆ ಬಿಸಿ ಆಗುತ್ತದೆ. ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ಸಹಾಯ ಕಡಿಮೆ ಮಾಡುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಆಯಿಲ್ ಇರುವ ಹಳೇ ಪವರ್ ಸ್ಟೇರಿಂಗ್‌ನಲ್ಲಿ ಪಂಪ್ ಪೂರ್ತಿ ಒತ್ತಡಕ್ಕೆ ಹೋಗಿ ಕುಂಯ್ ಅನ್ನುತ್ತದೆ, ಆಯಿಲ್ ಕಾಯುತ್ತದೆ. ಎರಡಕ್ಕೂ ಮದ್ದು ಒಂದೇ. ಕೊನೆ ಮುಟ್ಟಿದ ಕೂಡಲೇ ಒಂದು ಬೆರಳಗಲ ವಾಪಸ್ ಬಿಡಿ. ಗಾಡಿ ಒಂಚೂರು ಉರುಳುವಾಗ ತಿರುಗಿಸಿದರೆ ಟೈರ್‌ಗೂ ಒಳ್ಳೆಯದು.

ಎಲ್‌ಬೋರ್ಡ್_ಮೈಸೂರು
ಬ್ಯಾಟರಿ ಐದೂವರೆ ವರ್ಷದ್ದು. ಅಪ್ಪ "ಇನ್ನೂ ಚೆನ್ನಾಗೇ ಇದೆ" ಅಂತಾರೆ.

ತಂತಿಕೆಲಸ_ತುಮಕೂರು
ಎಲ್ಲ ಅಪ್ಪಂದಿರೂ ಹಾಗೇ ಅಂತಾರೆ ಮೇಡಂ.

ಸ್ಟುಟ್‌ಗಾರ್ಟ್_ಕನ್ನಡಿಗ
ಜರ್ಮನಿಯಿಂದ ಒಂದು ಮಾತು. ಇಲ್ಲಿ ಹೊಸ ಕಾರಿಗೆ ಮೊದಲ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಕಡ್ಡಾಯ ತಪಾಸಣೆ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಅಲುಗಾಡುವ ತಟ್ಟೆಗಳ ಮೇಲೆ ಇಟ್ಟು, ಕೆಳಗಿನಿಂದ ಟಾರ್ಚ್ ಹಿಡಿದು ಪ್ರತಿ ಕೀಲು ನೋಡ್ತಾರೆ. ಹೋದ ಸಲ ನನ್ನ ಗಾಡಿಯ ಟೈ ರಾಡ್ ಎಂಡ್ ಬೂಟು ಬರೀ ಹರಿದಿತ್ತು, ಪ್ಲೇ, ಅಂದರೆ ಸಡಿಲ, ಇರಲಿಲ್ಲ. ಆದರೂ ಬದಲಿಸಿ ತನ್ನಿ ಅಂತ ವಾಪಸ್ ಕಳಿಸಿದರು. ಆಗ ಸಿಟ್ಟು ಬಂದಿತ್ತು. ನಮ್ಮೂರಲ್ಲಿ ಸ್ವಂತದ ಕಾರಿಗೆ ಹದಿನೈದು ವರ್ಷ ತುಂಬಿ ರಿಜಿಸ್ಟ್ರೇಷನ್ ನವೀಕರಿಸುವವರೆಗೆ ಯಾರೂ ಅಡಿಗೆ ಇಣುಕುವುದಿಲ್ಲ. ನಾವೇ ಇಣುಕಬೇಕು.

ಕಾಫಿತೋಟ_ಬಾಳ್ಳುಪೇಟೆ
ನೋಡಿದೆ! ಫಲಿತಾಂಶ ಹೇಳ್ತೀನಿ ಕೇಳಿ.

ಮಗ ಸೀಟಲ್ಲಿ ಕೂತ. ನಾನು ಹಳೇ ಗೋಣಿಚೀಲ ಹಾಸಿಕೊಂಡು ಮಲಗಿದೆ. ಮೊದಲು ಎಡಗಡೆ. ಎಂಡ್ ಮೇಲೆ ಒಣಗಿದ ಕೆಂಪು ಮಣ್ಣು, ಒರೆಸಿದೆ. ಬೂಟು ಗಟ್ಟಿ ಇತ್ತು. ಬೆರಳಿಟ್ಟೆ. ಅಲ್ಲಾಡಿದ್ದು ಎಲ್ಲ ಒಟ್ಟಿಗೆ. ಒಳಗಿನದೂ ಹಾಗೇ. ಇದೇನಪ್ಪ ಏನೂ ಗೊತ್ತಾಗ್ತಾ ಇಲ್ಲ ಅಂದುಕೊಂಡೆ.

ಆಮೇಲೆ ಬಲಗಡೆ. ಬೂಟು ಸುತ್ತಲೂ ಸೀಳಿತ್ತು. ಮುಟ್ಟಿದರೆ ಬೆರಳಿಗೆ ಗ್ರೀಸ್ ಅಲ್ಲ, ಗ್ರೀಸೂ ಮಣ್ಣೂ ಸೇರಿದ ಕಾಫಿ ಚರಟದ ತರದ ಪುಡಿ ಬಂತು. ಎರಡು ಬೆರಳಲ್ಲಿ ತಿಕ್ಕಿದೆ, ಮರಳು ಮರಳು. ಬೆರಳಿಟ್ಟು "ಆಡಿಸೋ" ಅಂದೆ. ಟಕ್! ನಿಜವಾಗಲೂ ಯಾರೋ ಒಳಗಿನಿಂದ ಬೆರಳಿಗೆ ತಟ್ಟಿದ ಹಾಗಾಯ್ತು. ಮಗನನ್ನೂ ಇಳಿಸಿ ಅವನ ಬೆರಳು ಇಡಿಸಿದೆ. ಅವನು ಮೂರು ಸಲ ಮಾಡಿಸಿದ.

ಒಳಗಿನ ರ್ಯಾಕ್ ಎಂಡ್ ಎರಡೂ ಕಡೆ ಗಟ್ಟಿ. ಹಾಗಾದರೆ ನನ್ನದು ಬಲಗಡೆ ಟೈ ರಾಡ್ ಎಂಡ್ ಅಷ್ಟೇನಾ?

ಜೆಸಿರೋಡ್_ಬಿಡಿಭಾಗ
ಅಷ್ಟೇ ಅಂತ ಇನ್ನೂ ಹೇಳಲ್ಲ ಅಣ್ಣ, ಆದರೆ ಅಪರಾಧಿ ಒಬ್ಬ ಸಿಕ್ಕಿದ. ರ್ಯಾಕಿನ ಹತ್ತರಲ್ಲಿ ಒಂದು ಪಾಲೂ ಖರ್ಚಾಗಲ್ಲ. ಒಂದು ಕಿವಿಮಾತು. ಬಾಕ್ಸ್ ಮೇಲೆ ಹೆಸರು ನೋಡಿ ತಗೋಬೇಡಿ, ಸಾಮಾನು ಕೈಗೆ ತಗೊಂಡು ಗುಂಡಿನ ಕಂಬಿ ತಿರುಗಿಸಿ ನೋಡಿ. ಹೊಸದು ಬಿಗಿಯಾಗಿ, ಒಂದೇ ಸಮನಾಗಿ ತಿರುಗಬೇಕು. ಲಟಲಟ ಅಂತ ಅಲ್ಲಾಡಿದರೆ ಅಲ್ಲೇ ವಾಪಸ್ ಕೊಡಿ. ನಟ್, ಪಿನ್ ಜೊತೆಗೇ ಬರುತ್ತದೆ, ಹಳೇದನ್ನು ಮತ್ತೆ ಹಾಕಿಸಬೇಡಿ.

ಹಳೇಪಾನ_ದಾವಣಗೆರೆ
ಭೇಷ್. ಈಗ ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ.

ಎಂಡನ್ನು ರಾಡಿಗೆ ಬಿಗಿದಿಡುವ ಚೆಕ್ ನಟ್ ಸಡಿಲಿಸುವ ಮೊದಲು ಅದು ಇರುವ ಜಾಗಕ್ಕೆ ಬಣ್ಣದ ಗುರುತು ಹಾಕಲಿ. ಹಳೇ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಲಿ. ಹೊಸದನ್ನು ಅಷ್ಟೇ ಸುತ್ತು ಹಾಕಲಿ. ಒಂದು ಸುತ್ತು ಹೆಚ್ಚು ಕಡಿಮೆ ಅಂದರೆ ರಾಡಿನ ಉದ್ದ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್‌ನಷ್ಟು ಬದಲಾಗುತ್ತದೆ. ಅಷ್ಟಕ್ಕೇ ಟೈರ್ ಕಾಲು ಹೊರಗೆ ಹಾಕಿಕೊಂಡು ನಡೆಯುತ್ತದೆ. ಎಣಿಸಿ ಹಾಕಿದರೂ, ಚಕ್ರಗಳು ನೆಟ್ಟಗೆ ನಿಲ್ಲುವಂತೆ ಅಳೆದು ಸರಿಮಾಡುವ ಅಲೈನ್‌ಮೆಂಟ್ ಕಡ್ಡಾಯ. ಎಣಿಕೆ ಏನಿದ್ದರೂ ಅಲೈನ್‌ಮೆಂಟ್ ಅಂಗಡಿವರೆಗೆ ಹೋಗಲು.

ಎಂಡ್ ಕಿತ್ತು ಬರದಿದ್ದರೆ ಪುಲ್ಲರ್, ಅಂದರೆ ಒತ್ತಿ ಬಿಡಿಸುವ ಸಾಧನ, ಹಾಕಬೇಕು. ಪುಲ್ಲರ್ ಇಲ್ಲದವರು ಚಕ್ರದ ತೋಳಿನ ಕಣ್ಣಿಗೆ ಪಕ್ಕದಿಂದ ಸುತ್ತಿಗೆ ಏಟು ಕೊಡ್ತಾರೆ, ನಾವೂ ಹಾಗೇ ಮಾಡಿದವರು. ಆದರೆ ಸ್ಟಡ್, ಅಂದರೆ ಆ ಗುಂಡಿನ ಕಂಬಿಯ, ತಲೆ ಮೇಲೆ ಹೊಡೆದರೆ ಬೇಡ ಅನ್ನಿ.

ಇನ್ನೊಂದು, ಇದು ಮುಖ್ಯ. "ರ್ಯಾಕಿನಲ್ಲೂ ಸ್ವಲ್ಪ ಪ್ಲೇ ಇದೆ, ಟೈಟ್ ಮಾಡಿ ಕೊಡ್ತೀನಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ರ್ಯಾಕಿನ ಹಿಂದೆ ಒಂದು ಸ್ಕ್ರೂ ಇರುತ್ತದೆ, ಹಲ್ಲು ಹಲ್ಲಿಗೆ ಎಷ್ಟು ಒತ್ತಿ ಕೂರಬೇಕು ಅಂತ ಅದು ನಿರ್ಧರಿಸುತ್ತದೆ. ನಾವು ಗಾಡಿಯನ್ನು ಹೆಚ್ಚಾಗಿ ನೆಟ್ಟಗೆ ಓಡಿಸುವುದು, ಹಾಗಾಗಿ ಹಲ್ಲು ಸವೆಯುವುದು ನಡುವಲ್ಲಿ. ತುದಿಯ ಹಲ್ಲು ಹೊಸದರ ಹಾಗೇ ಇರುತ್ತದೆ. ನಡುವಿನ ಸಡಿಲ ಹೋಗಲಿ ಅಂತ ಸ್ಕ್ರೂ ಬಿಗಿದರೆ, ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ವಾಪಸ್ ಬರದೆ ಅಲ್ಲೇ ನಿಂತರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನಾನು ಒಂದು ಸಲ ಗಿರಾಕಿ ಒತ್ತಾಯಕ್ಕೆ ಕಾಲು ಸುತ್ತು ಬಿಗಿದು, ಟ್ರಯಲ್ ನೋಡಿ, ಬೆವತು ಮತ್ತೆ ಸಡಿಲಿಸಿದ್ದೇನೆ.

ಕರಾವಳಿ_ಡ್ರೈವರ್
ಘಾಟಿ ಅಂದಾಗ ನೆನಪಾಯಿತು. ನಮ್ಮವರು ಕೆಲವರು ಶಿರಾಡಿ ಇಳಿಯುವಾಗ ಪೆಟ್ರೋಲ್ ಉಳಿಸ್ತೇವೆ ಅಂತ ಎಂಜಿನ್ ಆಫ್ ಮಾಡಿ ಉರುಳಿಸಿಕೊಂಡು ಬರ್ತಾರೆ. ದಯವಿಟ್ಟು ಬೇಡ. ಎಂಜಿನ್ ನಿಂತರೆ ಪವರ್ ಹೋಯಿತು, ಸ್ಟೇರಿಂಗ್ ಭಾರ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ಗಾಳಿಯೆಳೆತ ಎರಡು ಮೂರು ಸಲ ತುಳಿಯುವಷ್ಟಕ್ಕೆ ಮುಗಿಯುತ್ತದೆ. ಕೀ ತೆಗೆದರೆ ಸ್ಟೇರಿಂಗ್ ಲಾಕೇ ಬೀಳುತ್ತದೆ! ಓಡುವಾಗ ಎಂಜಿನ್ ತಾನಾಗಿ ನಿಂತರೂ ಹೆದರಬೇಡಿ, ಕೀ ಆನ್‌ನಲ್ಲೇ ಬಿಡಿ. ಸ್ಟೇರಿಂಗ್ ತಿರುಗುತ್ತದೆ, ಗಟ್ಟಿ ಇರುತ್ತದೆ ಅಷ್ಟೇ. ಎರಡೂ ಕೈಯಲ್ಲಿ ಎಳೆದು ಬದಿಗೆ ತನ್ನಿ.

ಕಾಫಿತೋಟ_ಬಾಳ್ಳುಪೇಟೆ
ಎಂಡ್ ಬದಲಿಸಿದ್ದಾಯಿತು. ಬೇರೆ ಗ್ಯಾರೇಜಿನ ಹುಡುಗ, ಪುಲ್ಲರ್ ಹಾಕಿಯೇ ತೆಗೆದ. ಸುತ್ತು ಎಣಿಸಿದ, ಹದಿನೇಳೂವರೆ. ಗುಂಡಿ ಮೇಲಿನ ಟಕ್ ಟಕ್ ಪೂರ್ತಿ ಹೋಯಿತು. ನಡುವಿನ ಸಡಿಲ ಮುಕ್ಕಾಲು ಪಾಲು ಹೋಯಿತು. ಅಲೈನ್‌ಮೆಂಟ್ ಮಾಡಿಸಿದೆ.

ಈಗ ಹೊಸ ತಲೆನೋವು. ಗಾಡಿ ನೆಟ್ಟಗೆ ಹೋಗುತ್ತದೆ, ಸ್ಟೇರಿಂಗ್ ಮಾತ್ರ ಬಲಕ್ಕೆ ವಾಲಿಕೊಂಡು ನಿಲ್ಲುತ್ತದೆ. ಗಡಿಯಾರದಲ್ಲಿ ಒಂದು ಗಂಟೆ ಆದ ಹಾಗೆ. ಅಲೈನ್‌ಮೆಂಟ್ ಅಂಗಡಿಯವರು "ಕಂಪ್ಯೂಟರಲ್ಲಿ ಎಲ್ಲ ಹಸಿರು ಬಂದಿದೆ" ಅಂತಾರೆ. ಜೊತೆಗೆ ಕೈ ಬಿಟ್ಟರೆ ನಿಧಾನವಾಗಿ ಎಡಕ್ಕೆ ಹೋಗುತ್ತದೆ.

ಹಳೇಪಾನ_ದಾವಣಗೆರೆ
ಹಸಿರು ಬಂದಿರುವುದು ನಿಜವೇ. ಎರಡು ಚಕ್ರದ ನಡುವಿನ ಲೆಕ್ಕ ಸರಿ ಇದೆ, ಅದಕ್ಕೇ ಹಸಿರು. ಆದರೆ ಆ ಹುಡುಗ ಸ್ಟೇರಿಂಗನ್ನು ನೆಟ್ಟಗೆ ಕೂರಿಸಿ ಕ್ಲ್ಯಾಂಪ್ ಹಾಕದೆ, ಹೊಸ ಎಂಡ್ ಇರುವ ಕಡೆಯೇ ಎಲ್ಲ ಸರಿಮಾಡಿದ್ದಾನೆ. ಮೊದಲು ಸ್ಟೇರಿಂಗ್ ನೆಟ್ಟಗೆ, ಅದಕ್ಕೆ ಲಾಕ್, ಆಮೇಲೆ ಎರಡೂ ಕಡೆಯ ರಾಡ್ ಸರಿಮಾಡಬೇಕು. ವಾಪಸ್ ಹೋಗಿ ಇಷ್ಟೇ ಹೇಳಿ, ದುಡ್ಡು ಕೇಳುವಂತಿಲ್ಲ. ಸ್ಟೇರಿಂಗ್ ಚಕ್ರವನ್ನೇ ಬಿಚ್ಚಿ ನೆಟ್ಟಗೆ ಹಾಕಿ ಕೊಡ್ತೀನಿ ಅಂದರೆ ಎದ್ದು ಬನ್ನಿ. ಒಳಗೆ ಏರ್‌ಬ್ಯಾಗ್ ಇದೆ.

ತಂತಿಕೆಲಸ_ತುಮಕೂರು
ಏರ್‌ಬ್ಯಾಗ್ ಮಾತ್ರ ಅಲ್ಲ ಯಜಮಾನ್ರೇ. ಸ್ಟೇರಿಂಗ್ ಹಿಂದೆ ಸುರುಳಿ ತಂತಿಯ ತಟ್ಟೆ ಇರುತ್ತದೆ. ಹಾರ್ನ್, ಏರ್‌ಬ್ಯಾಗ್, ಬಟನ್‌ಗಳ ಕರೆಂಟ್ ಅದರಲ್ಲೇ ಹೋಗುವುದು. ಎರಡೂ ಕಡೆ ಲೆಕ್ಕದಷ್ಟೇ ಸುತ್ತು. ಕಂಬಿ ಬಿಚ್ಚಿದಾಗ ಸ್ಟೇರಿಂಗ್ ಸುಮ್ನೆ ಗಿರಗಿರ ತಿರುಗಿದರೆ ತಂತಿ ಪಟ್ ಅಂತ ಹರಿಯುತ್ತದೆ. ಆಮೇಲೆ ಹಾರ್ನ್ ಇಲ್ಲ, ಏರ್‌ಬ್ಯಾಗ್ ಲೈಟ್ ಉರಿಯುತ್ತದೆ, ಗಾಡಿ ನನ್ನ ಹತ್ತಿರ ಬರುತ್ತದೆ. ತಿಂಗಳಿಗೆ ಒಂದಾದರೂ ಬರುತ್ತದೆ.

ಜೆಸಿರೋಡ್_ಬಿಡಿಭಾಗ
ಎಡಕ್ಕೆ ಹೋಗುವುದಕ್ಕೆ ಮೊದಲು ಟೈರ್ ಗಾಳಿ ನೋಡಿ ಅಣ್ಣ. ಆಮೇಲೆ ರಸ್ತೆ ನೋಡಿ. ನೀರು ಹರಿಯಲಿ ಅಂತ ನಮ್ಮ ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ನಾವು ಎಡಗಡೆ ಹೋಗುವವರು, ಗಾಡಿ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಖಾಲಿ ಇರುವ ಸಮತಟ್ಟು ಮೈದಾನದಲ್ಲಿ ನೋಡಿ. ಅಲ್ಲೂ ಎಳೆದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದೇ ತಪ್ಪು. ಆದರೂ ಎಡಕ್ಕೇ ಎಳೆದರೆ ಓಡಿಸಿ ಬಂದ ಮೇಲೆ ಎರಡೂ ರಿಮ್ ಹತ್ತಿರ ಕೈ ಹಿಡಿದು ನೋಡಿ. ಎಡಗಡೆ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಎಲ್‌ಬೋರ್ಡ್_ಮೈಸೂರು
ಎರಡು ಚಕ್ರವೂ ಒಂದೇ ರಾಡಿಗೆ ಕಟ್ಟಿದ್ದರೆ ಎರಡೂ ಒಂದೇ ಅಳತೆಗೆ ತಿರುಗಬೇಕು ಅಲ್ವಾ? ನಿನ್ನೆ ಪೂರ್ತಿ ತಿರುಗಿಸಿ ಇಳಿದು ನೋಡಿದೆ, ಒಳಗಿನ ಚಕ್ರ ಜಾಸ್ತಿ ತಿರುಗಿತ್ತು. ನನ್ನ ಗಾಡಿಯೂ ಕೆಟ್ಟಿದೆಯಾ?

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲ ಮೇಡಂ, ಅದು ಹಾಗೇ ಇರಬೇಕು. ಒಳ್ಳೆಯ ಕಣ್ಣು ನಿಮ್ಮದು. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತ ಬರೆಯುತ್ತದೆ, ಹೊರಗಿನದು ದೊಡ್ಡ ವೃತ್ತ. ಎರಡೂ ಒಂದೇ ಕೋನಕ್ಕೆ ತಿರುಗಿದರೆ ಒಂದು ಟೈರ್ ನೆಲಕ್ಕೆ ಉಜ್ಜಿಕೊಂಡು ಹೋಗಬೇಕು. ಚಕ್ರದ ತೋಳನ್ನು ಸ್ವಲ್ಪ ಓರೆಯಾಗಿ ಇಟ್ಟು ಈ ವ್ಯತ್ಯಾಸ ತರ್ತಾರೆ. ಇದು ಕಾರಿಗಿಂತ ಹಳೆಯದು. ಮ್ಯೂನಿಕ್‌ನ ಲಾಂಕೆನ್ಸ್‌ಪರ್ಗರ್ ಅನ್ನುವವರು ಕುದುರೆ ಸಾರೋಟಿಗೆ ಅಂತ ಮಾಡಿದ್ದು. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡವರು ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ದೇ. ನಮ್ಮ ಊರ ತೇರಿಗೆ ಇದು ಯಾವುದೂ ಇಲ್ಲ, ಚಕ್ರದ ಅಡಿಗೆ ಮರದ ತುಂಡು ಕೊಟ್ಟೇ ತಿರುಗಿಸ್ತಾರೆ. ಆ ಮರ ಕೊಡುವವರ ಧೈರ್ಯ ಯಾವ ಪೇಟೆಂಟಿನಲ್ಲೂ ಇಲ್ಲ ಬಿಡಿ.

ಕಾಫಿತೋಟ_ಬಾಳ್ಳುಪೇಟೆ
ಸ್ಟೇರಿಂಗ್ ನೆಟ್ಟಗಾಯಿತು. ದುಡ್ಡು ಕೇಳಲಿಲ್ಲ, ಮುಖ ಮಾತ್ರ ಊದಿಸಿಕೊಂಡರು. ಎಡಕ್ಕೆ ಜಾರುವುದು ರಸ್ತೆಯದೇ. ಸಂತೆ ಮೈದಾನದಲ್ಲಿ ನೆಟ್ಟಗೆ ಹೋಯಿತು.

ಆದರೆ ಅಂಗಳದಲ್ಲಿ ತಿರುಗಿಸುವಾಗ ಬರುತ್ತಿದ್ದ ಆ ಮೊದಲಿನ ಒಂಟಿ ಟಕ್ ಇನ್ನೂ ಇದೆ. ಸಣ್ಣದಾಗಿದೆ, ಹೋಗಿಲ್ಲ. ಮತ್ತೆ ರ್ಯಾಕ್ ಅಂತಾರೇನೋ ಅಂತ ಭಯ.

ಹಳೇಪಾನ_ದಾವಣಗೆರೆ
ಈ ಸಲ ಹೊರಗೆ ಮಲಗಬೇಡಿ, ಒಳಗೆ ಬಗ್ಗಿ. ಪೆಡಲ್ ಮೇಲ್ಗಡೆ ಕಂಬಿ ಬಾಗುವ ಜಾಗ, ಯುನಿವರ್ಸಲ್ ಜಾಯಿಂಟ್. ಮೇಲೊಂದು, ಕೆಳಗೊಂದು ಇರಬಹುದು. ಅದೇ ಬೆರಳು, ಅದೇ ಆಟ.

ತಂತಿಕೆಲಸ_ತುಮಕೂರು
ಅಲ್ಲಿ ಸಿಗದಿದ್ದರೆ ಮೋಟಾರ್ ಪಕ್ಕ ಕೈ ಇಡಿ. ಕೆಲವು ಗಾಡಿಗಳಲ್ಲಿ ಮೋಟಾರಿಗೂ ಗೇರಿಗೂ ನಡುವೆ ಒಂದು ಸಣ್ಣ ರಬ್ಬರ್ ಕಪ್ಲಿಂಗ್ ಇರುತ್ತದೆ, ಪುಡಿಯಾದರೆ ಇದೇ ಶಬ್ದ.

ಕಾಫಿತೋಟ_ಬಾಳ್ಳುಪೇಟೆ
ಸಿಕ್ಕಿತು. ಕೆಳಗಿನ ಜಾಯಿಂಟ್. ಬೆರಳಿಟ್ಟರೆ ಸ್ಪಷ್ಟವಾಗಿ ಟಕ್. ಟಾರ್ಚ್ ಹಾಕಿ ನೋಡಿದರೆ ಅದರ ಅಡ್ಡ ಕಡ್ಡಿಯ ಸುತ್ತ ಕಂದು ಪುಡಿ, ಒಣ ತುಕ್ಕು. ನೆಲದ ಮ್ಯಾಟ್ ಅಡಿಯಲ್ಲಿ ತೇವವೂ ಇತ್ತು, ಮಳೆಗಾಲದ್ದು ಇನ್ನೂ ಆರಿಲ್ಲ. ಆ ಕಂಬಿಯನ್ನೇ ಜಾಯಿಂಟ್ ಸಮೇತ ಬದಲಿಸಿದೆವು. ಬಿಚ್ಚುವ ಮೊದಲು ಗುರುತು ಹಾಕಿಸಿ, ಸೀಟ್ ಬೆಲ್ಟನ್ನು ಸ್ಟೇರಿಂಗ್ ಸುತ್ತ ಬಿಗಿದು ಕಟ್ಟಿಸಿದೆ, ತಿರುಗದ ಹಾಗೆ. ಗ್ಯಾರೇಜ್ ಹುಡುಗ ನನ್ನ ಮುಖ ನೋಡಿ "ಸರ್ ನೀವೂ ಗ್ಯಾರೇಜ್ ಇಟ್ಟಿದ್ದೀರಾ" ಅಂತ ಕೇಳಿದ.

ಎರಡೂ ರಿಪೇರಿ, ಎರಡು ಸಲದ ಮಜೂರಿ, ಅಲೈನ್‌ಮೆಂಟ್ ಎಲ್ಲ ಸೇರಿ 6,400. ಶಬ್ದ ಇಲ್ಲ. ಸ್ಕೇಲ್ ಹಿಡಿದು ಸ್ಟೇರಿಂಗ್ ಅಂಚಿನಲ್ಲಿ ಪ್ಲೇ ಅಳೆದೆ, 12 ಮಿ.ಮೀ. ನನ್ನ ಗಾಡಿಯ ಪುಸ್ತಕದಲ್ಲಿ 0ಯಿಂದ 30 ಮಿ.ಮೀ. ಒಳಗಿರಲಿ ಅಂತಿದೆ.

ಕರಾವಳಿ_ಡ್ರೈವರ್
ಒಳ್ಳೆದಾಯಿತು ಮಾರಾಯ್ರೇ. ಆ ಮ್ಯಾಟ್ ಅಡಿಯ ನೀರು ಎಲ್ಲಿಂದ ಬಂತು ಅಂತ ನೋಡಿದಿರಾ?

ಕಾಫಿತೋಟ_ಬಾಳ್ಳುಪೇಟೆ
ಇಲ್ಲ. ಬಾಗಿಲಿನ ರಬ್ಬರ್ ಇರಬೇಕು ಅಂದುಕೊಂಡೆ.

ಕರಾವಳಿ_ಡ್ರೈವರ್
ಗ್ಲಾಸ್ ಕೆಳಗೆ ವೈಪರ್ ಹತ್ತಿರ ಎಲೆ ಕಸ ತುಂಬಿ ನೀರು ಹೋಗುವ ತೂತು ಮುಚ್ಚಿರುತ್ತದೆ, ಮೊದಲು ಅದನ್ನು ನೋಡಿ. ಸಿಲ್ವರ್ ಮರದ ಅಡಿಗೆ ನಿಲ್ಲಿಸ್ತೀರಾ?

ಕಾಫಿತೋಟ_ಬಾಳ್ಳುಪೇಟೆ
ಅಲ್ಲೇ ನಿಲ್ಲಿಸೋದು. ಈಗಲೇ ಟಾರ್ಚ್ ತಗೊಂಡು ಹೋಗ್ತಾ ಇದ್ದೀನಿ.